ಕೆಂಪು ಗುರುತಿನ ಹತ್ತಿರ

ಅಮೆರಿಕದ ಚಳಿಯೂರು ವಿಕ್ಸಮ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ವಿಜಯಪುರದ ಅಂಕಲ್ ಎಂದೂ ಆಂಟಿಯನ್ನು ಬಿಟ್ಟು ಗಾಲ್ಫ್ ಆಡಿದವರಲ್ಲ. ಕೆಲವು ಸಲ ನಾನೂ ಜೊತೆಗೆ ಹೋಗುತ್ತಿದ್ದೆ. ತಾವು ಚೆಂಡು ಹೊಡೆದಾದ ಮೇಲೆ ಅಂಕಲ್ ಮೈದಾನದಲ್ಲಿ ಓಡಾಡುವ ಪುಟ್ಟ ಗಾಡಿಯನ್ನು ಸ್ವಲ್ಪ ಮುಂದೆ, ಹೆಂಗಸರು ಆಟ ಶುರುಮಾಡುವ ಕೆಂಪು ಗುರುತಿನ ಹತ್ತಿರ ನಿಲ್ಲಿಸುವರು. ಆಂಟಿ ಇಳಿದು, ಟೋಪಿ ಸರಿಮಾಡಿಕೊಂಡು, ಚೆಂಡಿನ ಮುಂದೆ ಬಹಳ ಹೊತ್ತು ನಿಲ್ಲುವರು. ಹಿಂದೆ ಸರದಿಗೆ ಕಾಯುವ ಆಟಗಾರರು ಎಷ್ಟೇ ಗೊಣಗಲಿ, ಅಂಕಲ್ ಮಾತು ಒಂದೇ: "ಸಾವಕಾಶ ಹೊಡಿ. ಏನ್ ಗಡಿಬಿಡಿ ಇಲ್ಲ."

ಆಂಟಿ ತೀರಿಕೊಂಡ ಮೇಲಿನ ಚಳಿಗಾಲ, ಹಿಮ ನೋಡುತ್ತಾ ಮನೆಯೊಳಗೇ ಕೊಳೆಯುತ್ತಾರೆಂದು ನಾನೇ ಅವರನ್ನು ಹಟ ಹಿಡಿದು ಬೆಚ್ಚಗಿನ ಅರಿಜೋನಾಕ್ಕೆ ಗಾಲ್ಫ್ ಆಡಲು ಕರೆದೊಯ್ದೆ. ನಾವು ಹೋದದ್ದು ಯಾರು ಬೇಕಾದರೂ ಆಡಬಹುದಾದ ಸಾರ್ವಜನಿಕ ಮೈದಾನಕ್ಕೆ. ಹಸಿರು ಪಟ್ಟಿ ದಾಟಿದರೆ ಬರೀ ಮರಳು, ಕಳ್ಳಿ. ನನ್ನ ಚೆಂಡು ಕಳ್ಳಿಯ ಪಾಲಾಯಿತು. ಅವರದು ಎಂದಿನಂತೆ ನೆಟ್ಟಗೆ ಹೋಯಿತು.

ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟವರು ಕೆಂಪು ಗುರುತಿನ ಹತ್ತಿರ ಗಾಡಿ ನಿಲ್ಲಿಸಿ, ಸ್ಟೀರಿಂಗ್ ಮೇಲೆ ಕೈಯಿಟ್ಟು ಸುಮ್ಮನೆ ಕೂತರು. ಇಳಿಯುವವರು ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೊರಟರು. ಮುಂದಿನ ಹೋಲ್‌ನ ಕೆಂಪು ಗುರುತಿನ ಹತ್ತಿರವೂ ಹಾಗೆಯೇ ಮಾಡಿದರು. ಅದರ ಮುಂದಿನದರಲ್ಲಿ ಹಿಂದಿನ ತಂಡದವನೊಬ್ಬ ಬೇಗ ಹೊರಡಿರೆಂದು ಜೋರಾಗಿ ಕೂಗಿದ. ಅಂಕಲ್ ಇಳಿದು ನನ್ನ ಕಡೆ ಬಂದರು.

"ಇನ್ನ ನೀ ನಡಸಪಾ."

ನಾನು ನಡೆಸಿದೆ. ಮತ್ತೆ ಕೆಂಪು ಗುರುತು ಬಂದಾಗ, ಅದೇನು ಹುಚ್ಚೋ, ನನ್ನ ಕಾಲು ತಾನಾಗಿಯೇ ಬ್ರೇಕ್ ಒತ್ತಿತು.

ಅಂಕಲ್ ಕಳ್ಳಿಗಳ ಕಡೆ ನೋಡುತ್ತಲೇ ಕೇಳಿದರು: "ಯಾಕ ನಿಂದರ್ಸಿದೆಪಾ? ಯಾರ ಇಳಿಯೋರ ಅದಾರ?"