ಭರಮವ್ವನ ಖಾನಾವಳಿಗೆ ನಾನು ಕೊಟ್ಟ ಚುಕ್ಕಿ

ಕಾಗಿನೆಲೆಯ ಭರಮವ್ವ ಹುಟ್ಟಿದ್ದು ಕರ್ಜಗಿಯಲ್ಲಿ. ಗಂಡ ತಿರಕಪ್ಪ ಹುಣಸೆ ಮರದಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಪಡಸಾಲೆಯಲ್ಲೇ ಖಾನಾವಳಿ ಇಟ್ಟಳು. ಎರಡು ಬೆಂಚು, ಒಂದು ಒಲೆ. ರೊಟ್ಟಿ ಬಡಿಯಲು ಸೋಮವ್ವ ಬರುತ್ತಿದ್ದಳು. ಹಾವೇರಿ, ರಾಣೆಬೆನ್ನೂರಿನಿಂದ ಗುಡಿಗೆ ಬರುವವರು ಇಷ್ಟು ಜನ ಬರುತ್ತೇವೆಂದು ಮೊದಲೇ ಫೋನ್ ಮಾಡುತ್ತಿದ್ದರು. ಭರಮವ್ವ ಅಷ್ಟಕ್ಕೇ ಹಿಟ್ಟು ನಾದುತ್ತಿದ್ದಳು.

ಹೋದ ಕಾರ್ತಿಕದಲ್ಲಿ ನಾನು ಮೊಮ್ಮಗಳು ಶಿಲ್ಪಾಳ ಜೊತೆ ಬ್ಯಾಡಗಿಯಿಂದ ಅಲ್ಲಿಗೆ ಹೋಗಿದ್ದೆ. ನನಗೆ ಹಲ್ಲಿಲ್ಲವೆಂದು ಭರಮವ್ವ ರೊಟ್ಟಿಯ ಅಂಚು ತೆಗೆದು, ನಡುವಿನದನ್ನು ಸಾರಿನಲ್ಲಿ ನೆನೆಸಿ ಕೊಟ್ಟಳು. ನಾನು ಕೇಳಿರಲಿಲ್ಲ. ಬರುವಾಗ ಬಸ್ಸಿನಲ್ಲಿ ಶಿಲ್ಪಾ ಫೋನ್ ಮುಂದೆ ಹಿಡಿದಳು.

"ಆಯಿ, ಊಟ ಹೆಂಗಿತ್ತು ಅನ್ನೋದನ್ನ ಇದರಾಗ ಒತ್ತು. ನೋಡಿದವರು ಅಲ್ಲಿಗೆ ಹೋಗ್ತಾರ."

ಐದು ಚುಕ್ಕಿ ಸಾಲಾಗಿದ್ದವು. ನಾನು ಮೂವತ್ತೊಂದು ವರ್ಷ ಮೆಣಸಿನಕಾಯಿ ಆರಿಸಿದವಳು. ಒಳ್ಳೆಯ ಬಣ್ಣದ್ದು ಒಂದನೇ ನಂಬರ್, ಬಿಳಿಚಿದ್ದು ಕೊನೆಯ ನಂಬರ್. ಮೊದಲನೆಯ ಚುಕ್ಕಿ ಒತ್ತಿದೆ. ಬರೆಯಲು ಅಕ್ಷರ ಹುಡುಕುವುದರಲ್ಲೇ ಊರು ಬಂತು, ಹಾಗೆಯೇ ಕಳಿಸಿಬಿಟ್ಟೆ. ಶಿಲ್ಪಾ ಕಿಟಕಿಗೆ ಒರಗಿ ನಿದ್ದೆ ಹೋಗಿದ್ದಳು.

ನಾಲ್ಕು ತಿಂಗಳಾದ ಮೇಲೆ ಅವಳ ಗೆಳತಿ ಮಹೇಶ್ವರಿ ಹಾವೇರಿಯಿಂದ ಬಂದಳು. ಅವಳಿಗೆ ತನ್ನ ಮನೆಯವರನ್ನೆಲ್ಲ ಕಾಗಿನೆಲೆಗೆ ಕರೆದೊಯ್ಯಬೇಕಿತ್ತು.

"ಭರಮವ್ವನ ಖಾನಾವಳಿ ಬ್ಯಾಡ. ಒಂದ ಸ್ಟಾರ್ ಐತಿ" ಎಂದಳು ಫೋನ್ ನೋಡುತ್ತ.

"ಒಂದನೇ ನಂಬರ್ ಅಂದ್ರ ಚಲೋ ಅಲ್ಲೇನವಾ?" ಎಂದೆ.

"ಅದೇನ ಮೆಣಸಿನಕಾಯಿ ಅಲ್ಲ ಆಯಿ. ಐದ ಚಲೋ, ಒಂದ ಕೆಟ್ಟ" ಎಂದಳು ಮಹೇಶ್ವರಿ.

ಶಿಲ್ಪಾ ಫೋನ್ ಇಸಿದುಕೊಂಡಳು. "ಕೊಟ್ಟವರು ಒಬ್ಬರ. ಏನ ಕೆಟ್ಟಿತ್ತು ಅಂತ ಒಂದ ಅಕ್ಷರ ಬರದಿಲ್ಲ. ಎಷ್ಟ ಮಂದಿ ಕೊಟ್ಟಾರ, ಏನ ಬರದಾರ ನೋಡಬೇಕಿಲ್ಲೇನ ನೀ?" ಎಂದು ಗೆಳತಿಯನ್ನು ಕೇಳಿ, ಕೊಟ್ಟವರ ಹೆಸರು ಓದಿ ನನ್ನ ಕಡೆ ತಿರುಗಿದಳು. ಅದು ಶಿಲ್ಪಾಳದೇ ಹೆಸರಾಗಿತ್ತು; ನಾನು ಒತ್ತಿದ್ದು ಅವಳ ಫೋನಿನಲ್ಲಿ.

ಅವಳು ಆಗಲೇ ತನ್ನ ಫೋನಿನಲ್ಲಿ ಅದನ್ನು ಐದು ಚುಕ್ಕಿ ಮಾಡಿ, ನಾನು ಹೇಳಿದಂತೆ ಮೆತ್ತನೆಯ ರೊಟ್ಟಿಯ ಸಂಗತಿ ಬರೆದಳು. ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಕಾಗಿನೆಲೆಗೆ ಹೋದೆ.

ಒಂದು ಬೆಂಚನ್ನು ಗೋಡೆಗೆ ಎತ್ತಿ ನಿಲ್ಲಿಸಿದ್ದರು. ನಾನು ನಿಂತೇ ಎಲ್ಲ ಹೇಳಿದೆ.

ಭರಮವ್ವ ಬೈಯಲಿಲ್ಲ. "ಯಕ್ಕಾ, ನೀನಾ?" ಎಂದಳು. "ಫೋನ್ ಬರೋದು ನಿಂತಾಗ ಸಾರಿಗೆ ಉಪ್ಪು ಹೆಚ್ಚಾಗಾಕತ್ತೇತೇನೋ ಅನ್ಕೊಂಡೆ. ನಮ್ಮ ಮನ್ಯಾರನ್ನ ಕೇಳಿದ್ರ ಚಲೋ ಐತಿ ಅಂತಾರ. ಅವರು ಬರೇ ನೀರು ಕೊಟ್ರೂ ಹಂಗ ಅಂತಾರ. ದಿನಾ ಚೂರಚೂರ ಕಮ್ಮಿ ಮಾಡ್ಕೋತ ಬಂದೇನಿ."

"ಸೋಮವ್ವ?"

"ಇಲ್ಲೆ ಕೆಲಸಿಲ್ಲ. ಈಗ ನಿಮ್ಮ ಬ್ಯಾಡಗಿಗೇ ಹೋಗ್ತಾಳ, ಮೆಣಸಿನಕಾಯಿ ಆರಸಾಕ. ಕುಂದ್ರು, ಉಂಡ ಹೋಗು."

ಉಣ್ಣುವ ಮುಖ ನನಗಿರಲಿಲ್ಲ. ಆದರೂ ಕುಳಿತೆ. ಸಾರು ಸಪ್ಪಗಿತ್ತು.

"ಉಪ್ಪು ಕಮ್ಮಿ ಐತಿ, ತಂಗಿ. ಕಾರ್ತಿಕದಾಗ ಹಾಕಿದಷ್ಟ ಹಾಕು. ಅದ ಬರಾಬರಿ ಇತ್ತು."

"ಖರೇನ?"

"ಖರೇ."

ನನ್ನ ಮಾತನ್ನು ನಂಬುವುದು ಅವಳಿಗೆ ಸುಲಭವಿರಲಿಲ್ಲ. ಎದ್ದು ಉಪ್ಪಿನ ಡಬ್ಬಿ ತಂದು ನನ್ನ ಮುಂದಿಟ್ಟಳು.

"ನೀನ ಹಾಕ್ಕೋ. ಎಷ್ಟ ಹಾಕ್ತಿ ನೋಡ್ತೇನಿ."