ಮೂರು ಸಲ ತೊಳೆದ ಜೋಳ

ಸಿಂಧನೂರಿನಲ್ಲಿ ಎರಡು ಕೋಣೆಗಳ ಒಂದು ಪರೀಕ್ಷಾ ಕಚೇರಿಯಲ್ಲಿ ನಾನು ಸಹಾಯಕನಾಗಿದ್ದೆ. ಕಾಲುವೆ ಬಂದ ಮೇಲೆ ಉಪ್ಪೇರಿ ಸವಳಾದ ಮಣ್ಣನ್ನು ನೋಡುವುದು ನಮ್ಮ ಕೆಲಸ. ಪಾದರಸ ಅಳೆಯಲು ಯಾರೂ ಹೇಳಿರಲಿಲ್ಲ. ಬಿತ್ತುವ ಬೀಜಕ್ಕೆ ಆಗ, ಬೂಷ್ಟು ಹಿಡಿಯದಿರಲೆಂದು, ಪಾದರಸ ಬೆರೆತ ಗುಲಾಬಿ ಬಣ್ಣದ ಪುಡಿ ಹಚ್ಚಿ ಕೊಡುತ್ತಿದ್ದರು. ಅದನ್ನು ಪತ್ತೆ ಮಾಡುವ ಯಂತ್ರ ದೊಡ್ಡ ಊರುಗಳಲ್ಲಿತ್ತು. ನಮ್ಮಲ್ಲಿದ್ದದ್ದು ಹುರುಳಿ.

ಹುರುಳಿ ನೆನೆಹಾಕಿ ಅರೆದು ಸೋಸಿದ ರಸ ಯೂರಿಯಾವನ್ನು ಒಡೆಯುತ್ತದೆ. ಒಡೆದಂತೆ, ನೀರಿಗೆ ಹಾಕಿದ ಬಣ್ಣ ಹಳದಿಯಿಂದ ಕೆಂಪಾಗುತ್ತದೆ. ಇದಕ್ಕೆ ನಾಲ್ಕು ನಿಮಿಷ ಸಾಕು. ಪಾದರಸ ಒಂದು ಕಣದಷ್ಟು ಇದ್ದರೂ ಹುರುಳಿಯ ರಸ ಕೈ ಕಟ್ಟಿದಂತೆ ನಿಧಾನವಾಗುತ್ತದೆ. ಎಷ್ಟು ತಡವೋ ಅಷ್ಟು ಪಾದರಸ. ಕಾಲೇಜಿನಲ್ಲಿ ಕಲಿತಿದ್ದೆ. ಗಾಜಿನ ನಳಿಗೆಗಳು ಮತ್ತು ನನ್ನ ಕೈಗಡಿಯಾರ ಬಿಟ್ಟು ಬೇರೆ ಯಂತ್ರ ಬೇಕಾಗಿರಲಿಲ್ಲ. ರಾಸಾಯನಿಕಗಳ ಪಟ್ಟಿಯಲ್ಲಿ ಹುರುಳಿ ಬರುವುದಿಲ್ಲವೆಂದು ಕಚೇರಿಯ ಮುಖ್ಯಸ್ಥರಾದ ಸಾಹೇಬರು ಅದನ್ನು ದನದ ಮೇವು ಎಂದು ಬರೆಸಿದರು. ಕಚೇರಿಯಲ್ಲಿ ದನ ಇರಲಿಲ್ಲ. ಯಾರೂ ಕೇಳಲಿಲ್ಲ.

ಒಂದು ದಿನ ಬೆಳಿಗ್ಗೆ ವಳಕಮದಿನ್ನಿಯಿಂದ ಅತ್ತೆ ಸೊಸೆ ಬಂದರು. ಸೊಸೆಯ ಕೈಯಲ್ಲಿ ಜೋಳದ ಗಂಟು. ಕಾಲುವೆ ನೀರು ಹತ್ತದ ಹೊಲಕ್ಕೆ ಬಿತ್ತಿ ಉಳಿದ ಬೀಜ, ಮನೆಯಲ್ಲಿ ಇನ್ನೂ ಅರ್ಧ ಚೀಲ ಇದೆ ಎಂದಳು. ಹಿಟ್ಟು ಮಾಡಿಸಬಹುದೋ ಇಲ್ಲವೋ ಎಂದು ಮನೆಯಲ್ಲಿ ಜಗಳವಾಗಿತ್ತಂತೆ. ಬೇಡ ಎನ್ನುವವಳು ಸೊಸೆ.

“ಮೂರ್ ಸಲ ತೊಳದೀವ್ರಿ ಸಾಹೇಬ್ರ,” ಎಂದಳು ಅತ್ತೆ. “ಗುಲಾಬಿ ಬಣ್ಣ ಪೂರಾ ಹೋಗೇತಿ. ಬಣ್ಣ ಹೋದಮ್ಯಾಲ ಇನ್ನೇನಿರ್ತದ?”

ನೋಡಿದರೆ ನಿಜಕ್ಕೂ ಮನೆಯ ಜೋಳದಂತೆಯೇ ಇತ್ತು. ಒಂದು ಹಿಡಿ ತೆಗೆದು ಆಸಿಡ್‌ನಲ್ಲಿ ಕಾಯಿಸಿ, ಸೋಡಾ ಹಾಕಿ ಅದರ ಹುಳಿ ತೆಗೆದು, ಮೂರು ನಳಿಗೆ ಸಾಲಾಗಿ ನಿಲ್ಲಿಸಿದೆ. ಒಂದರಲ್ಲಿ ಬರೀ ನೀರು, ಒಂದರಲ್ಲಿ ನಮ್ಮ ಮನೆಯ ಜೋಳ, ಒಂದರಲ್ಲಿ ಅವರದು. ಹುರುಳಿಯ ರಸ ಹಾಕಿ ಗಡಿಯಾರ ನೋಡುತ್ತ ಕುಳಿತೆ. ಹತ್ತು ನಿಮಿಷವಾದರೂ ಮೂರರಲ್ಲಿ ಒಂದೂ ಕೆಂಪಾಗಲಿಲ್ಲ.

ಬರೀ ನೀರಿನಲ್ಲಿ ವಿಷವಿರುವುದು ಸಾಧ್ಯವಿರಲಿಲ್ಲ. ಆಮೇಲೆ ನೆನಪಾಯಿತು. ಹದಿನೈದು ದಿನದ ಹಿಂದೆ ನಳಿಗೆ ಒಣಗಿಸುವ ತಟ್ಟೆಯಲ್ಲಿ ನಾನೇ ಥರ್ಮಾಮೀಟರ್ ಒಡೆದಿದ್ದೆ. ಪಾದರಸ ಗೋರಿ ತೆಗೆದೆನೆಂದು ಸಾಹೇಬರಿಗೂ ಹೇಳಿದ್ದೆ. ಪೂರ್ತಿ ಹೋಗಿರಲಿಲ್ಲ, ನಳಿಗೆಗಳಿಗೆ ಅಂಟಿತ್ತು. ತಪ್ಪು ನನ್ನದು, ನಳಿಗೆಗಳು ಕೆಟ್ಟಿವೆ, ನಾಳೆ ಬನ್ನಿ ಎಂದು ಅತ್ತೆ ಸೊಸೆಗೆ ಹೇಳಿದೆ. ಅತ್ತೆ ಏಳಲಿಲ್ಲ. ನೀವೂ ತೊಳೀರಿ, ಇಲ್ಲೇ ಕೂಡ್ತೀವಿ ಎಂದಳು.

ಕಪಾಟಿನಲ್ಲಿದ್ದ ಹೊಸ ನಳಿಗೆ ತೆಗೆದು, ಆಸಿಡ್‌ನಲ್ಲಿ ತೊಳೆದು, ಮಧ್ಯಾಹ್ನ ಮೊದಲಿನಿಂದ ಮಾಡಿದೆ. ನೀರು ನಾಲ್ಕು ನಿಮಿಷಕ್ಕೆ ಕೆಂಪಾಯಿತು. ನಮ್ಮ ಮನೆಯ ಜೋಳ ಅದರ ಹಿಂದೆಯೇ. ಮೂರನೆಯದು ಹಳದಿಯಾಗಿಯೇ ಇತ್ತು. ಅರ್ಧ ಗಂಟೆ ಮೂವರೂ ಅದನ್ನೇ ನೋಡಿದೆವು.

“ಇದು ಯಾವಾಗ ಕೆಂಪಾಗ್ತದ್ರಿ?” ಎಂದು ಅತ್ತೆ ಕೇಳಿದಳು.

“ಆಗಂಗಿಲ್ಲವ್ವಾ. ಬಣ್ಣ ಅಷ್ಟ ಹೋಗೇತಿ. ವಿಷ ಹಂಗ ಐತಿ.”

ಅವಳು ಗಂಟನ್ನು ತನ್ನ ಕಡೆ ಎಳೆದುಕೊಂಡಳು. ಆಮೇಲೆ ಸೊಸೆಯ ಕಡೆ ನೋಡದೆ ಹೇಳಿದಳು: “ನಾ ನಾಕು ದಿನದಿಂದ ಇದರ ರೊಟ್ಟಿ ತಿನ್ನಾಕತ್ತೀನಿ.”

ಸೊಸೆಗೆ ಗೊತ್ತಿರಲಿಲ್ಲ. ಅತ್ತೆ ಬೇರೆ ಬೀಸಿ, ಬೇರೆ ಬಡಿದು, ಒಬ್ಬಳೇ ತಿಂದಿದ್ದಳು. ಮುದುಕಿಗೆ ಏನೂ ಆಗದಿದ್ದರೆ ಮನೆಮಂದಿ ತಿನ್ನಬಹುದು ಎಂಬ ಲೆಕ್ಕ. ನಾನು ಹುರುಳಿಯಿಂದ ಮಾಡುತ್ತಿದ್ದುದನ್ನು ಅವಳು ತನ್ನ ಮೈಯಿಂದಲೇ ಮಾಡುತ್ತಿದ್ದಳು. ಸೊಸೆ ಮುಖ ಮುಚ್ಚಿಕೊಂಡಳು. ಅವತ್ತು ಬೆಳಿಗ್ಗೆ ಅವರು ಎದ್ದು ಹೋಗಿದ್ದರೆ ರಾತ್ರಿ ಮತ್ತೆರಡು ರೊಟ್ಟಿಯಾಗುತ್ತಿತ್ತು.

ಲಿಂಗಸುಗೂರಿನಲ್ಲಿ ಪರಿಚಯದ ಡಾಕ್ಟರರಿದ್ದರು. ಸಾಹೇಬರು ತಾವೇ ಚೀಟಿ ಬರೆದುಕೊಟ್ಟು ನನ್ನನ್ನೂ ಜೊತೆಗೆ ಕಳಿಸಿದರು. ಬಸ್ಸು ಮಸ್ಕಿ ದಾಟಿದ ಮೇಲೆ ಅತ್ತೆ, ಸೀಟು ಚುಚ್ಚುತ್ತದೆ ಎಂದಳು. ಎರಡು ದಿನದಿಂದ ತುಟಿ ಜುಮುಗುಡುತ್ತಿದೆ ಎಂದು ಡಾಕ್ಟರರ ಮುಂದೆ ಹೇಳಿದಳು. ಅವರು ಎಂಟು ದಿನ ಇಟ್ಟುಕೊಂಡು ಕಳಿಸಿದರು.

ಚೀಲವನ್ನು ಸೊಸೆ ಕಾಲುವೆಯಿಂದ ದೂರ, ದಿಬ್ಬದ ಮೇಲೆ, ಆಳಕ್ಕೆ ಹೂಳಿಸಿದಳು. ಮುಂದಿನ ವಾರದಿಂದ ಅಕ್ಕಪಕ್ಕದ ಊರಿನ ಹೆಂಗಸರು ಗಂಟು ಕಟ್ಟಿಕೊಂಡು ಬರತೊಡಗಿದರು. ನನ್ನ ಕಾಗದದ ವರದಿಯನ್ನು ಒಬ್ಬರೂ ಕೇಳಲಿಲ್ಲ. ನಳಿಗೆಯ ಮುಂದೆ ಕುಳಿತು ತಾವೇ ನೋಡಿ ಎದ್ದು ಹೋಗುತ್ತಿದ್ದರು. ದನದ ಮೇವಿನ ಬೇಡಿಕೆ ಮೂರು ಪಟ್ಟಾಯಿತು.

ಆ ಅತ್ತೆ ಬಹಳ ವರ್ಷ ಬದುಕಿದಳು. ಚಹಾದ ಬಟ್ಟಲು ಹಿಡಿದಾಗ ಬಲಗೈ ಸಣ್ಣಗೆ ನಡುಗುತ್ತಿತ್ತು. ಅದು ಪಾದರಸದ್ದೋ ವಯಸ್ಸಿನದೋ ಹೇಳುವ ಪರೀಕ್ಷೆ ನಮ್ಮಲ್ಲಿ ಇರಲಿಲ್ಲ.