ಎಡಕ್ಕೆ ಸುತ್ತಿದ ಇಂಜಿನ್

ನನ್ನ ಆಯುಷ್ಯದಲ್ಲಿ ಐದು ತಿಂಗಳು ಇಲ್ಲ. ಎರಡು ವರ್ಷದ ಹಿಂದೆ ಹತ್ತರಗಿ ಹತ್ತಿರ, ಹೆದ್ದಾರಿಯ ಪಕ್ಕದ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಬೆಳಗಾವಿಯ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ನನ್ನ ಪ್ರಕಾರ ಅದು ದಸರೆಯ ಮರುದಿನ. ಕಿಟಕಿಯ ಹೊರಗೆ ಜನ ಹೋಳಿ ಬಣ್ಣ ಮೆತ್ತಿಕೊಂಡು ಓಡಾಡುತ್ತಿದ್ದರು. ನಡುವಿನದೆಲ್ಲ ಹೋಯಿತು. "ಕೆಲವರಿಗೆ ಹೀಗಾಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ" ಎಂದರು ಡಾಕ್ಟರು. ಕೆಟ್ಟ ತಲೆಯನ್ನು ಇನ್ನೆಷ್ಟು ಕೆಡಿಸಿಕೊಳ್ಳಲಿ ಎಂದು ಕೇಳಿದೆ. ಅವರಿಗೆ ನಗು ಬರಲಿಲ್ಲ.

ಐದು ತಿಂಗಳು ಹೋದದ್ದಕ್ಕಿಂತ ನನ್ನನ್ನು ಕೊರೆಯುತ್ತಿದ್ದದ್ದು ಬೇರೆ. ಆ ದಿನ ನಾನು ಹತ್ತರಗಿಯಲ್ಲಿ ಯಾಕಿದ್ದೆ? ಗೋಕಾಕದಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟ ಪಂಪುಗಳು ನನ್ನ ಬಾಗಿಲಿಗೆ ಬರುತ್ತವೆ, ನಾನು ಅವುಗಳ ಬಾಗಿಲಿಗೆ ಹೋಗುವವನಲ್ಲ. ಹತ್ತರಗಿಯಲ್ಲಿ ನಮ್ಮ ಬೀಗರಿಲ್ಲ, ಗಿರಾಕಿಗಳಿಲ್ಲ. ಹೆಂಡತಿಯನ್ನು ಕೇಳಿದರೆ ಅವಳಿಗೂ ಗೊತ್ತಿಲ್ಲ. ನಮ್ಮಲ್ಲಿ ಹೊರಗೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ. ಹೊರಡುವವನೂ ಹೋಗುತ್ತೇನೆ ಅನ್ನುವುದಿಲ್ಲ, ಬರುತ್ತೇನೆ ಅನ್ನುತ್ತಾನೆ. ಇದನ್ನೆಲ್ಲ ನನ್ನ ಹೆಂಡತಿ ತುಂಬಾ ಕಟ್ಟುನಿಟ್ಟಾಗಿ ಪಾಲಿಸುತ್ತಾಳೆ.

"ಬರ್ತೇನಿ ಅಂದ್ರಿ. ಹೂಂ ಅಂದೆ. ಮುಂದ ನಾ ಏನ ಕೇಳಬೇಕಿತ್ರಿ?"

"ಎಲ್ಲಿಗೆ ಅಂತ ಒಂದ್ ಮಾತ ಕೇಳಿದ್ರ ನಿನ್ನ ಬಾಯಿ ಸವೀತಿತ್ತೇನು?"

ಹೀಗೆ ಅವಳ ಮೇಲೆ ಎಷ್ಟು ಸಲ ಹರಿಹಾಯ್ದಿದ್ದೇನೋ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಖರೆ ಹೇಳಬೇಕೆಂದರೆ, ಅವಳು ಅವತ್ತು ಕೇಳಿದ್ದರೆ, ನೀನು ಕೇಳಿದ್ದಕ್ಕೇ ನಾನು ಬಿದ್ದೆ ಎಂದು ಇದೇ ನಾಲಿಗೆ ಅನ್ನುತ್ತಿತ್ತು.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಹಳೆಯ ತಾಮ್ರದ ತಂತಿ ನೋಡಲು ಹುಕ್ಕೇರಿಯ ಒಂದು ಭಂಗಾರ ಅಂಗಡಿಗೆ ಹೋಗಿದ್ದೆ. ಗುಜರಿಗೆ ನಮ್ಮ ಕಡೆ ಭಂಗಾರ ಅನ್ನುತ್ತೇವೆ. ಉಸಿರು ಸ್ವಲ್ಪ ಕಡಿಮೆ ಮಾಡಿದರೆ ಅದೇ ಬಂಗಾರ. ಅಲ್ಲಿ ತಕ್ಕಡಿಯ ಹಿಂದೆ, ಮುರಿದ ಮಿಕ್ಸರುಗಳ ನಡುವೆ, ಮೊಳದುದ್ದದ ಒಂದು ರೈಲು ಇಂಜಿನ್ ಕಂಡಿತು. ಹಿತ್ತಾಳೆಯ ಮೈ, ಆರು ಗಾಲಿ. ಹೊಗೆ ಕೊಳವೆ ಮುರಿದಿತ್ತು. ಯಾರೋ ಅದಕ್ಕೆ ಟ್ರಾಕ್ಟರಿನ ಹಸಿರು ಬಣ್ಣ ದಪ್ಪಗೆ ಬಳಿದಿದ್ದರು.

ಎತ್ತಿಕೊಂಡೆ. ಅದರ ಭಾರ ಕೈಗೆ ಮೊದಲೇ ಗೊತ್ತಿತ್ತು. ಹೇಗೆ ಬರೆಯಬೇಕೋ ತಿಳಿಯದೆ ಹೀಗೆ ಬರೆಯುತ್ತಿದ್ದೇನೆ. ಮುಚ್ಚಳ ತೆಗೆಯುವ ಕೊಂಡಿ ಎಲ್ಲಿದೆ ಎಂದು ಕಣ್ಣು ಹುಡುಕುವುದರೊಳಗೆ ಹೆಬ್ಬೆರಳು ಹೊಟ್ಟೆಯ ಕೆಳಗೆ ಹೋಗಿ ಅದನ್ನು ಒತ್ತಿಬಿಟ್ಟಿತ್ತು. ಮುಚ್ಚಳ ಟಕ್ಕೆಂದು ಬಿಚ್ಚಿಕೊಂಡಿತು.

ಅಂಗಡಿಯವನು ತಕ್ಕಡಿ ಬಿಟ್ಟು ಬಂದ. "ಏ ಕಾಕಾ, ಅದನ್ನ ಹೆಂಗ ತಗದ್ರಿ? ಬಣ್ಣಾ ಹೊಡದಾಂವಾ ನಾನ. ವರ್ಷಾತು, ತಗಿಯಾಕ ನನಗ ಬಂದಿಲ್ಲ."

"ಅಂದಾಜಿಲೆ ತಗದೆ" ಎಂದೆ. ಮೂವತ್ತು ವರ್ಷದಿಂದ ಮೋಟಾರು ಬಿಚ್ಚುವ ಕೈ, ಕೊಂಡಿ ಹುಡುಕುವುದೇನು ದೊಡ್ಡದು ಎಂದು ನನಗೆ ನಾನೇ ಹೇಳಿಕೊಂಡು ಇಂಜಿನನ್ನು ಚೀಲಕ್ಕೆ ಹಾಕಿದೆ.

ಆಮೇಲಿನ ಮೂರು ವಾರ ಮಧ್ಯಾಹ್ನದ ಊಟ ಆದ ಮೇಲೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಅದರ ಸೇವೆ. ಮೊದಲು ಒಳಗಡೆ ಸೀಮೆಎಣ್ಣೆಯಲ್ಲಿ ತೊಳೆದೆ. ಗಾಲಿಗಳಲ್ಲಿ ಒಣಗಿದ ಕೆಂಪು ಮಣ್ಣಿತ್ತು, ಒಂದು ಹುಲ್ಲಿನ ಎಳೆ ಸಿಕ್ಕಿಕೊಂಡಿತ್ತು. ಚಾಲಕ ನಿಲ್ಲುವ ಗೂಡಿನ ಮೂಲೆಯಲ್ಲಿ ಕಂದು ಬಣ್ಣದ ಕಲೆ. ತುಕ್ಕು ಇರಬೇಕು ಎಂದು ಉಜ್ಜಿ ತೆಗೆದೆ. ಹಿತ್ತಾಳೆಗೆ ಅಂಥ ತುಕ್ಕು ಹಿಡಿಯುವುದಿಲ್ಲ ಎಂಬುದು ನನ್ನಂಥವನಿಗೆ ಗೊತ್ತಿಲ್ಲದ್ದಲ್ಲ. ಆದರೂ ಉಜ್ಜಿದೆ.

ಬ್ಯಾಟರಿ ಹಚ್ಚಿ ನೋಡಿದೆ. ಸ್ಲೈಡಿಂಗ್ ಕಿಟಕಿಯ ಎರಡು ಅಲ್ಯುಮಿನಿಯಂ ಪಟ್ಟಿಗಳೇ ನನ್ನ ಹಳಿ. ಇಂಜಿನ್ ಒಮ್ಮೆ ನಡುಗಿತು, ಗೇಣುದ್ದ ಹಿಂದಕ್ಕೆ ಸರಿಯಿತು, ಸುಟ್ಟ ವಾಸನೆ ಬಿಟ್ಟು ನಿಂತಿತು. ಸ್ವಿಚ್ಚು ಮುಂದಕ್ಕಿದ್ದರೂ ಗಾಡಿ ಹಿಂದಕ್ಕೆ ಹೋಗಿತ್ತು. ಮೋಟಾರು ಬಿಚ್ಚಿದೆ. ಹೆಬ್ಬೆರಳಿನಷ್ಟು ಮೋಟಾರು, ಅದರೊಳಗೆ ಕೂದಲಿನಷ್ಟು ಸಣ್ಣ ತಂತಿ. ಕೆಲಸ ಬಹಳ ಚೊಕ್ಕ, ಆದರೆ ಮೂರೂ ಸುರುಳಿ ಎಡಕ್ಕೆ ಸುತ್ತಿದ್ದರು! ಶಾಫ್ಟಿನ ಕಡೆ ಮುಖ ಮಾಡಿ ಕೂತು ಸುತ್ತಿದರೆ ಎಡ ಬಲ ಅದಲುಬದಲಾಗಿ ಹೀಗಾಗುತ್ತದೆ. "ಯಾವ ಕತ್ತಿ ಸುತ್ತೇತಿ ಇದನ್ನ" ಎಂದು ಆ ಕಾಣದ ಕತ್ತೆಯನ್ನು ಗಟ್ಟಿಯಾಗಿಯೇ ಬೈದೆ. ಖಾಲಿ ಕೋಣೆಯಲ್ಲಿ ನನ್ನ ದನಿ ಯಾರಿಗೋ ತಾಗಿ ಬಂದಂತೆ ಅನ್ನಿಸಿತು.

ತಂತಿಯನ್ನೆಲ್ಲ ಬಿಚ್ಚಿ ತೆಗೆದಾಗ ಅದರಡಿಗೆ ಹಾಕಿದ ಕಾಗದ ಸಿಕ್ಕಿತು. ತಂತಿ ಕಬ್ಬಿಣಕ್ಕೆ ತಾಗದಂತೆ ನಡುವೆ ಕಾಗದ ಇಡುತ್ತೇವೆ. ಸಣ್ಣ ಮೋಟಾರಿಗೆ ಅಂಗಡಿಯ ಕಾಗದ ದಪ್ಪವಾಗುತ್ತದೆಂದು ನಾನು ಮದುವೆ ಕಾರ್ಡು ಕತ್ತರಿಸಿ ಹಾಕುತ್ತೇನೆ. ಇದರಲ್ಲಿದ್ದದ್ದೂ ಮದುವೆ ಕಾರ್ಡೇ. ಹಳದಿ ಕಾಗದದ ಮೇಲೆ ಕೆಂಪು ಅಕ್ಷರ, ಯಾರದೋ ಊರಿನ ಅರ್ಧ ಸಾಲು: "ಸಾ॥ ಮೇಲವಂಕಿ". ಇನ್ನೊಬ್ಬನೂ ಈ ಉಪಾಯ ಮಾಡುತ್ತಾನಲ್ಲ ಎಂದು ಸ್ವಲ್ಪ ಹೊಟ್ಟೆಕಿಚ್ಚಾಯಿತು. ಚೂರನ್ನು ತೆಗೆದಿಟ್ಟು, ಹೊಸ ತಂತಿಯನ್ನು ಬಲಕ್ಕೆ ಸುತ್ತಿದೆ. ಕೊಳವೆಯ ಜಾಗಕ್ಕೆ ಫ್ರಿಜ್ಜಿನ ತಾಮ್ರದ ಪೈಪು ಕೊಯ್ದು ಕೂರಿಸಿದೆ, ಮುಂದೆ ಬೈಕಿನ ಇಂಡಿಕೇಟರಿನ ಸಣ್ಣ ದೀಪ ಇಟ್ಟೆ.

ಉಳಿದದ್ದು ಬಣ್ಣ ಮತ್ತು ಊರಿನ ಫಲಕ. ಇಂಜಿನ್ ಅಂದ ಮೇಲೆ ಎಲ್ಲಿಗೆ ಹೋಗುತ್ತದೆ ಎಂದು ಬರೆದಿರಬೇಕು. ಮೂಡಲಗಿ ಎಂದು ಬರೆಯೋಣ ಅಂದುಕೊಂಡೆ. ನಾನು ವೈಂಡಿಂಗ್ ಕಲಿತದ್ದು ಮೂಡಲಗಿಯಲ್ಲಿ. ರೈಲು ಕಾಣದ ಊರು, ನನ್ನ ಇಂಜಿನ್ನಾದರೂ ಹೋಗಲಿ. ಪಕ್ಕದ ಪಟ್ಟಿಯ ಮೇಲಿನ ಹಸಿರನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆಯತೊಡಗಿದೆ. ಮಧ್ಯಾಹ್ನ ಎರಡು ಗಂಟೆ, ಹೊರಗೆ ಕಣ್ಣು ಕುಕ್ಕುವ ಬಿಸಿಲು. ಹಸಿರಿನ ಕೆಳಗೆ ಕೆಂಪು ಬಂತು. ಕೆಂಪಿನ ಮೇಲೆ ಬಿಳಿಯ ಒಂದು ಗೆರೆ. ಆಮೇಲೆ "ಮೂ". ಆಮೇಲೆ "ಡ", "ಲ", "ಗಿ".

ಬ್ಲೇಡು ಕೆಳಗಿಟ್ಟೆ. ನಾನು ಬರೆಯಬೇಕೆಂದಿದ್ದ ಜಾಗದಲ್ಲಿ ನಾನು ಬರೆಯಬೇಕೆಂದಿದ್ದ ಊರು ಮೊದಲೇ ಕೂತಿತ್ತು. ಅಕ್ಷರವೂ ನನ್ನದೇ. ನನ್ನ "ಲ" ಯಾವಾಗಲೂ ಬಾಲ ಎತ್ತಿಕೊಂಡಿರುತ್ತದೆ, ಶಾಲೆಯಲ್ಲಿ ಅದಕ್ಕೆ ಏಟು ತಿಂದಿದ್ದೇನೆ. ಮುಂದೆ ಕೆರೆಯುವುದೇ ಬೇಡ ಅನ್ನಿಸಿತು. ಕೆರೆದೆ. "ಮೂಡಲಗಿ – ಹತ್ತರಗಿ" ಎಂದಿತ್ತು.

ಹತ್ತರಗಿಯಲ್ಲಿ ನಾನು ಬಿದ್ದೆ. ಬೀಳುವ ಮೊದಲೇ ಆ ಊರಿನ ಹೆಸರನ್ನು ನನ್ನ ಕೈಯೇ ಬರೆದಿಟ್ಟಿತ್ತೇ? ಉಜ್ಜಿ ತೆಗೆದ ಆ ಕಂದು ಕಲೆ ನೆನಪಾಗಿ ಬೆರಳುಗಳನ್ನು ಅಂಗಿಗೆ ಒರೆಸಿಕೊಂಡೆ.

ಇಂಜಿನ್ನನ್ನೂ ಕಾರ್ಡಿನ ಚೂರನ್ನೂ ಮನೆಗೆ ಒಯ್ದು ಹೆಂಡತಿಯ ಮುಂದಿಟ್ಟೆ. ಇಂಜಿನ್ ಅವಳು ನೋಡಿರಲಿಲ್ಲ. ಚೂರನ್ನು ಮಾತ್ರ ಕೈಗೆತ್ತಿಕೊಂಡಳು.

"ಇದು ನನ್ನ ತಂಗೀ ಮಗಳ ಲಗ್ನದ ಕಾರ್ಡಲ್ರಿ! ಸಂಕ್ರಾಂತಿ ಆದ ಮ್ಯಾಲ ಆತಲ್ಲ. ನೀವೂ ಬಂದಿದ್ರಿ, ಫೋಟೋದಾಗ ಅದೀರಿ. ನಿಮಗ ನೆನಪಿಲ್ಲ."

ಅಷ್ಟೇ ಬೇಕಿತ್ತು. ಆ ಕತ್ತೆ ನಾನೇ. ಕಳೆದುಹೋದ ಐದು ತಿಂಗಳಲ್ಲಿ ಎಲ್ಲಿಂದಲೋ ಈ ಇಂಜಿನ್ ತಂದು ಒಮ್ಮೆ ರಿಪೇರಿ ಮಾಡಿದ್ದೆ, ಮಾಡಿ ಹತ್ತರಗಿಗೆ ಒಯ್ದಿದ್ದೆ. ಬಿದ್ದಾಗ ಅದು ಚೀಲದಿಂದ ಹಾರಿ ಪೊದೆಯಲ್ಲಿ ಬಿದ್ದಿರಬೇಕು, ಚಿಂದಿ ಆಯುವವರ ಕೈ ಹಿಡಿದು ಹುಕ್ಕೇರಿ ಸೇರಿರಬೇಕು. ಈಗ ನನ್ನ ಕೈಗೇ ತಿರುಗಿ ಬಂದಿತ್ತು. ಆದರೆ ಯಾರಿಗಾಗಿ ಒಯ್ದಿದ್ದೆ?

ಎಡಕ್ಕೆ ಸುತ್ತಿದ ತಂತಿಯನ್ನೇ ನೋಡುತ್ತ ಕೂತೆ. ಮೂಡಲಗಿಯಲ್ಲಿ ನನಗೆ ಕೆಲಸ ಕಲಿಸಿದ ಮೇಸ್ತ್ರಿ ಒಬ್ಬರಿದ್ದರು. ಹನ್ನೊಂದು ವರ್ಷ ಅವರ ಕೈಕೆಳಗೆ ದುಡಿದೆ. ಒಂದು ದಿನ ಗಿರಾಕಿಗಳ ಎದುರಿಗೆ ನಾನು ಸುತ್ತಿದ ಮೋಟಾರು ಎತ್ತಿ ತೋರಿಸಿ, ಮತ್ತೆ ಶಾಫ್ಟಿನ ಕಡೆ ಕೂತು ಎಡಕ್ಕೆ ಸುತ್ತಿದ್ದಾನೆ ಎಂದರು. ಜನ ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಇಕ್ಕಳವನ್ನು ಅವರ ಕಾಲ ಬುಡಕ್ಕೆ ಎಸೆದು ಗೋಕಾಕಕ್ಕೆ ಬಂದವನು ಇಪ್ಪತ್ತು ವರ್ಷ ಅವರ ಮುಖ ನೋಡಿರಲಿಲ್ಲ. ಮೂಡಲಗಿಯ ಹಾರ್ಡ್‌ವೇರ್ ಅಂಗಡಿಗೆ ಫೋನು ಹಚ್ಚಿದೆ. ಮೇಸ್ತ್ರಿ ಅಂಗಡಿ ಮುಚ್ಚಿ ಬಹಳ ದಿನವಾಯಿತು, ಹತ್ತರಗಿಯಲ್ಲಿರುವ ಮಗಳ ಮನೆಗೆ ಹೋದರು ಎಂದರು ಫೋನು ಎತ್ತಿದವರು.

ನಾನು ಅವರನ್ನು ಭೇಟಿಯಾಗಿದ್ದೆನೇ, ಇಲ್ಲ ದಾರಿಯಲ್ಲೇ ಬಿದ್ದೆನೇ? ತಪ್ಪಾಯಿತು ಎಂದು ಹೇಳಿದ್ದೆನೇ? ಅದು ತಿಳಿಯದೆ ಇರಲು ನನ್ನಿಂದ ಆಗುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಇಂಜಿನನ್ನು ಚೀಲಕ್ಕೆ ಹಾಕಿ ಬಸ್ಸು ಹತ್ತಿದೆ. ನಾನು ಬಿದ್ದ ಜಾಗ ಬಂದಾಗ ಕಣ್ಣು ಮುಚ್ಚಿಕೊಂಡೆ. ಹೆದರಿಕೆಯಾಗಿತ್ತು, ಬರೆಯಲು ನಾಚಿಕೆಯೇನಿಲ್ಲ.

ಹತ್ತರಗಿಯಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲು ತೆರೆದ ಮಗಳನ್ನು ನಾನು ಅವಳು ಫ್ರಾಕು ಹಾಕುವ ಕಾಲದಿಂದ ಬಲ್ಲೆ. ಈಗ ತಲೆ ನರೆತಿತ್ತು. ನನ್ನನ್ನು ನೋಡಿದಳು, ಚೀಲದಿಂದ ಇಣುಕುತ್ತಿದ್ದ ಇಂಜಿನ್ ನೋಡಿದಳು. ಒಳಗೆ ಬರ್ರಿ ಅನ್ನಲಿಲ್ಲ.

"ಎರಡ್ ವರ್ಷ ಆಗಾಕ ಬಂತ್ರಿ ಅಣ್ಣಾರ. ಈಗ ಬಂದ್ರ್ಯಾ?"

ಅವಳ ಹಿಂದೆ ಗೋಡೆಯ ಮೇಲೆ ಮೇಸ್ತ್ರಿಯ ಫೋಟೋ. ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ, ಒಂದು ಹಾರ. ನಿಂತಲ್ಲೇ ನನ್ನ ಕಥೆ ಹೇಳಿದೆ: ಬಿದ್ದದ್ದು, ಆಸ್ಪತ್ರೆ, ಕಳೆದುಹೋದ ತಿಂಗಳುಗಳು. ಅವಳು ಹೊಸ್ತಿಲ ಮೇಲೆ ಕುಸಿದು ಕೂತಳು.

"ಯವ್ವಾ ಶಿವನ! ಅವತ್ತ ನೀವ ಹ್ವಾದ ಮ್ಯಾಲ ಸಂಜೀಕ ಯಾರೋ ಬಿದ್ರಂತ ಅಂತ ಮಂದಿ ಮಾತಾಡಿದ್ರು. ನೀವ ಅಂತ ಯಾರಿಗೆ ಗೊತ್ರಿ?"

ಬಿದ್ದದ್ದು ಸಂಜೆ. ಅಂದರೆ ಮರಳುವಾಗ. ಅಂದರೆ ನಾನು ಬಂದಿದ್ದೆ. ಒಳಗೆ ಕೂರಿಸಿ, ನೀರು ಕೊಟ್ಟು, ನನ್ನದೇ ಒಂದು ದಿನವನ್ನು ಅವಳು ನನಗೆ ಹೇಳಿದಳು. ಇನ್ಯಾರದೋ ಕಥೆಯನ್ನು ಕೇಳಿದಂತೆ ಕೇಳಿದೆ. ಮಧ್ಯಾಹ್ನ ಬಂದವನು ಮೊದಲು ಮೇಸ್ತ್ರಿಯ ಕಾಲು ಹಿಡಿದೆನಂತೆ. ಅವರು, ಇಕ್ಕಳ ಇನ್ನೂ ಇಟ್ಟಿದ್ದೇನೆ, ಒಯ್ಯಿ ಎಂದು ನಕ್ಕರಂತೆ. ಇಬ್ಬರೂ ಒಂದೇ ಪಂಕ್ತಿಯಲ್ಲಿ ರೊಟ್ಟಿ ಉಂಡೆವಂತೆ. ಆಮೇಲೆ ನಾನು ಇಂಜಿನನ್ನು ನೆಲಕ್ಕಿಟ್ಟು ಸ್ವಿಚ್ಚು ಒತ್ತಿದೆ. ಅದು ಹಿಂದಕ್ಕೆ ಓಡಿತು.

"ಅಪ್ಪಗ ಸುಮ್ನಿರಾಕ ಬರ್ತಿತ್ತೇನ್ರಿ? 'ಇನ್ನೂ ಶಾಫ್ಟ್ ಕಡೆ ಕುಂತ ಸುತ್ತತಿ? ವೈರ್ ಅದಲ ಬದಲ ಮಾಡಿ ಮುಂದ ಓಡಿಸೂದು ಕಳ್ಳತನ. ಬಿಚ್ಚಿ ಮತ್ತ ಸುತ್ತು' ಅಂದ."

"ನಾ ಸಿಟ್ಟಿಗೆದ್ದೆನೇನು?"

"ಇಲ್ರಿ! ಹೊಟ್ಟಿ ಹಿಡಕೊಂಡ ನಕ್ರಿ. ನಕ್ಕೋತ ಹೊಂಟ್ರಿ. ಎಂಟ ದಿನದಾಗ ಸರಿ ಮಾಡ್ಕೊಂಡ ತರ್ತೇನಿ ಅಂದ್ರಿ."

ಎದೆಯ ಮೇಲಿಂದ ದೊಡ್ಡ ಕಲ್ಲು ಇಳಿದಂತಾಯಿತು. ಚೀಲದಿಂದ ಇಂಜಿನ್ ತೆಗೆದು ನೆಲಕ್ಕಿಟ್ಟೆ. ಬಲಕ್ಕೆ ಸುತ್ತಿದ ಮೋಟಾರು, ನೆಟ್ಟಗೆ ಮುಂದಕ್ಕೆ ಓಡಿ ಫೋಟೋ ಇದ್ದ ಗೋಡೆಗೆ ಮುಟ್ಟಿತು. ಹೇಳಿದ ಕೆಲಸ ಗೊತ್ತಿಲ್ಲದೆಯೇ ಮಾಡಿ ತಂದಿದ್ದೆ. ಅವಳು ಹಿಗ್ಗುತ್ತಾಳೆ ಅಂದುಕೊಂಡಿದ್ದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಎಂಟ ದಿನಾನೂ ಅಪ್ಪ ಕಟ್ಟೀ ಮ್ಯಾಲ ಕುಂತಿದ್ದ. ಆಮ್ಯಾಲ ಒಂದ್ ತಿಂಗಳ ಕುಂತ. ಕಡೀಕ, 'ನಾ ಮತ್ತ ತಪ್ಪ ತೋರಿಸಬಾರದಿತ್ತು. ಹಿಂದಕ್ಕ ಓಡಿದ್ರ ಏನಾತು, ಚಂದ ಓಡಾಕತ್ತಿತ್ತು' ಅಂದ. ಶ್ರಾವಣದಾಗ ಹೋದ."

"ಒಂದ್ ಫೋನ್ ಹಚ್ಚಬಾರದಿತ್ತೇನ ತಂಗಿ? ಗೋಕಾಕದಾಗ ನನ್ನ ಅಂಗಡಿ ಯಾರಿಗೆ ಗೊತ್ತಿಲ್ಲ?"

"ಹಚ್ಚತೇನಿ ಅಂದ್ನಿರಿ. ಅಪ್ಪ ಬ್ಯಾಡಂದ. 'ಅವನ ಸಿಟ್ಟ ನನಗ ಗೊತ್ತೈತಿ. ನನ್ನ ಮುಂದ ನಕ್ಕೋತ ಹೋಗಿ, ದಾರ್ಯಾಗ ಸಿಟ್ಟಿಗೆದ್ದಾನ. ಹ್ವಾದ ಸಲ ಇಳಿಯಾಕ ಇಪ್ಪತ್ತ ವರ್ಷ ಹಿಡೀತು. ಈ ಸಲ ಲಗೂ ಇಳೀತೈತಿ, ಇಳದ ಮ್ಯಾಲ ತಾನ ಬರ್ತಾನ' ಅಂದ."

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ದಾರಿಯಿರಲಿಲ್ಲ. ನನ್ನ ಸಿಟ್ಟನ್ನು ಅವರು ಸರಿಯಾಗಿಯೇ ತೂಗಿದ್ದರು. ಅವತ್ತು ನಾನು ಮನಸ್ಸು ಬಿಚ್ಚಿ ನಕ್ಕದ್ದು ನನಗೆ ನೆನಪಿಲ್ಲ, ನೆನಪಿದ್ದವರು ಅದನ್ನು ನಂಬದೆಯೇ ಹೋದರು.